ಪೇಪರಿನ ಇಂಗ್ಲಿಷು, ನಮ್ಮ ಜೇಬಿನ ಲೆಕ್ಕ: ಡಿಚೋಲಿಯ ಗಣಿ ಸುದ್ದಿಯಿಂದ ಕಲಿತ ಕೆಲವು ಪದಗಳು



ಸಂಘದ ಕಚೇರಿಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ಇರುತ್ತದೆ. ಬ್ಯಾಂಕಿನಿಂದ ಬಂದ ಕಾಗದ, ಇಲ್ಲವೇ ಇಂಗ್ಲಿಷ್ ಪೇಪರಿನಿಂದ ಹರಿದ ತುಂಡು. "ಇದರಾಗ ಏನ್ ಬರದಾರ, ಸ್ವಲ್ಪ ಓದಿ ಹೇಳ್ರಿ ಸರ್" ಎನ್ನುತ್ತಾರೆ. ಡಿಚೋಲಿ, ಸಾಂಖಳಿ, ಆಚೆ ದೋಡಾಮಾರ್ಗ, ಘಟ್ಟ ಹತ್ತಿದರೆ ಖಾನಾಪುರ, ಎಲ್ಲ ಕಡೆಯ ಸದಸ್ಯರದೂ ಇದೇ ಪಾಡು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಕೊಂಕಣಿ ಮರಾಠಿ, ದುಡ್ಡಿನ ಮಾತು ಬಂದಾಗ ಮಾತ್ರ ಇಂಗ್ಲಿಷು. ಹಾಗೆ ಓದಿ ಹೇಳಿದ ಪದಗಳನ್ನು ಒಂದೆಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲವಾದೀತೆಂದು ಈ ಬರಹ.

ನಮ್ಮ ಊರಿನವರಿಗೆ ಆರ್ಥಿಕ ಸುದ್ದಿ ಎಂದರೆ ಮೊದಲು ಗಣಿ. ಅದಿರಿನ ಟಿಪ್ಪರ್ ಓಡಿಸಿದವರು, ಸಾಲ ಮಾಡಿ ಟಿಪ್ಪರ್ ಕೊಂಡವರು, ಗ್ಯಾರೇಜು ಇಟ್ಟವರು, ಚಹಾ ಅಂಗಡಿ ಹಾಕಿದವರು, ಎಲ್ಲರೂ ನಮ್ಮಲ್ಲಿದ್ದಾರೆ. ಸೆಪ್ಟೆಂಬರ್ 2012ರಲ್ಲಿ ರಾಜ್ಯ ಸರ್ಕಾರ ಗಣಿಗಾರಿಕೆಯನ್ನು "ಸಸ್ಪೆಂಡ್" ಮಾಡಿತು. ಅಕ್ಟೋಬರ್ 5ರಂದು ಸುಪ್ರೀಂ ಕೋರ್ಟೂ ತಡೆ ಹಾಕಿತು. ಸಸ್ಪೆಂಡ್ ಎಂದರೆ ತಾತ್ಕಾಲಿಕವಾಗಿ ನಿಲ್ಲಿಸುವುದು. ಗುಮಾಸ್ತಿಕೆ ಮಾಡಿದ ನಮಗೆ ಈ ಪದ ಚೆನ್ನಾಗಿ ಗೊತ್ತು. ಸಸ್ಪೆಂಡ್ ಆದ ನೌಕರನಿಗೆ ಅರ್ಧ ಸಂಬಳವಾದರೂ ಬರುತ್ತದೆ, ಡಿಸ್ಮಿಸ್ ಆದವನಿಗೆ ಅದೂ ಇಲ್ಲ. ಆದರೆ ನಿಂತ ಟಿಪ್ಪರಿಗೆ ಯಾರೂ ಅರ್ಧ ಬಾಡಿಗೆ ಕೊಡುವುದಿಲ್ಲ, ಕಂತು ಮಾತ್ರ ಪೂರ್ತಿ ಕಟ್ಟಬೇಕು. ಇಂಥ ಆದೇಶಗಳ ಜೊತೆಗೆ ಸಾಮಾನ್ಯವಾಗಿ "ಅಂಟಿಲ್ ಫರ್ದರ್ ಆರ್ಡರ್ಸ್" ಎಂದಿರುತ್ತದೆ. ಅಂದರೆ ಮುಂದಿನ ಆದೇಶದವರೆಗೆ. ಇದರಲ್ಲಿ ತಾರೀಖು ಇಲ್ಲ ಎಂಬುದನ್ನು ಗಮನಿಸಿ. "ಒಂದು ತಿಂಗಳದಾಗ ಚಾಲೂ ಆಗತೈತಿ" ಎಂದು ನಂಬಿದವರು ಆ ತಾರೀಖನ್ನು ತಾವೇ ಹಾಕಿಕೊಂಡಿದ್ದರು.

ಏಪ್ರಿಲ್ 21, 2014ರ ತೀರ್ಪಿನಿಂದ ಇನ್ನೂ ಕೆಲವು ಪದ ಬಂದವು. ಪೋರ್ಚುಗೀಸರ ಕಾಲದ ಗಣಿ ಹಕ್ಕುಗಳಿಗೆ "ಕನ್ಸೆಷನ್" ಎನ್ನುತ್ತಿದ್ದರು. ವಿದ್ಯಾರ್ಥಿಗಳ ಬಸ್ ರಿಯಾಯಿತಿಗೂ ಇದೇ ಪದ, ಆದರೆ ಇಲ್ಲಿ ಅದು ಸರ್ಕಾರ ಕೊಟ್ಟ ಹಕ್ಕು. 1987ರ ಕಾನೂನು ಇವನ್ನು "ಲೀಸ್" ಎಂದು ಬದಲಿಸಿತು, ಅಂದರೆ ಅವಧಿಯುಳ್ಳ ಗುತ್ತಿಗೆ. ಆ ಲೀಸುಗಳ ಅವಧಿ 2007ರ ನವೆಂಬರ್ 22ಕ್ಕೇ "ಎಕ್ಸ್‌ಪೈರ್" ಆಗಿತ್ತೆಂದು ಕೋರ್ಟು ಹೇಳಿತು. ಔಷಧಿ ಬಾಟಲಿಯ ಮೇಲೆ ನೋಡುವ ಪದವೇ ಇದು: ರದ್ದಾದದ್ದಲ್ಲ, ಅವಧಿ ತೀರಿದ್ದು. ಮುಂದೆ ವರ್ಷಕ್ಕೆ 20 ಮಿಲಿಯನ್ ಟನ್ನಿನ "ಕ್ಯಾಪ್" ಹಾಕಿದರು. ಕ್ಯಾಪ್ ಎಂದರೆ ಟೊಪ್ಪಿಗೆ, ಸುದ್ದಿಯಲ್ಲಿ ಗರಿಷ್ಠ ಮಿತಿ. ಒಂದು ಮಿಲಿಯನ್ ಹತ್ತು ಲಕ್ಷ, ಹಾಗಾಗಿ ಇದು ಎರಡು ಕೋಟಿ ಟನ್ನು. ಬಿಲಿಯನ್ ಬಂದರೆ ನೂರು ಕೋಟಿ. ಈ ಎರಡನ್ನು ಬಾಯಿಪಾಠ ಮಾಡಿಬಿಡುವುದು ಒಳ್ಳೆಯದು.

2015ರಲ್ಲಿ ಗಣಿ ಅಷ್ಟಿಷ್ಟು ಶುರುವಾದಾಗ ಜಗತ್ತಿನ ಪೇಟೆಯಲ್ಲಿ ಅದಿರಿನ ದರ ನೆಲ ಕಚ್ಚಿತ್ತು. ಆ ವರ್ಷದ ಕೊನೆಗೆ ಟನ್ನಿಗೆ 40 ಡಾಲರಿಗಿಂತ ಕೆಳಕ್ಕಿಳಿಯಿತು. ಏರಿಳಿತದ ಕ್ರಿಯಾಪದಗಳನ್ನು ಕಲಿಯಲು ಇಂಥ ವರ್ಷಗಳ ಪೇಪರಿಗಿಂತ ಒಳ್ಳೆಯ ಪುಸ್ತಕವಿಲ್ಲ. "ಎಡ್ಜ್ ಅಪ್" ಎಂದರೆ ಕೂದಲೆಳೆಯಷ್ಟು ಏರಿಕೆ, "ಸರ್ಜ್" ಎಂದರೆ ಹೊಳೆ ಉಕ್ಕಿದಂತೆ. "ಡಿಪ್" ಸ್ವಲ್ಪ ಇಳಿತ, "ಪ್ಲಂಜ್" ಬಾವಿಗೆ ಬಿದ್ದಂತೆ, "ಸ್ಲಂಪ್" ಕುಸಿದು ಅಲ್ಲೇ ಕುಳಿತಂತೆ.

ಫೆಬ್ರವರಿ 7, 2018ರಂದು ಸುಪ್ರೀಂ ಕೋರ್ಟ್ 88 ಲೀಸುಗಳ ನವೀಕರಣವನ್ನು "ಕ್ವಾಶ್" ಮಾಡಿತು. ಮಾರ್ಚ್ 15ರವರೆಗೆ ಮಾತ್ರ ಅವಕಾಶ ಕೊಟ್ಟಿತು. ಕ್ವಾಶ್ ಎಂದರೆ ಕಾನೂನಿನ ದೃಷ್ಟಿಯಲ್ಲಿ ರದ್ದು. ಸಸ್ಪೆಂಡಿಗೂ ಇದಕ್ಕೂ ಅಜಗಜಾಂತರ. ಮೊದಲನೆಯದರಲ್ಲಿ ಕುರ್ಚಿ ಹಾಗೇ ಇರುತ್ತದೆ, ಎರಡನೆಯದರಲ್ಲಿ ಕುರ್ಚಿಯೇ ಇಲ್ಲ. "ಹೋದ ಸಲ ಬಂದ್ ಮಾಡಿ ಮತ್ತ ಚಾಲೂ ಮಾಡಿದರಲ್ಲ, ಈ ಸಲಾನೂ ಹಂಗೇ" ಎಂದು ಟಿಪ್ಪರ್ ಮಾರದೆ ಇಟ್ಟುಕೊಂಡವರಿಗೆ ಪೆಟ್ಟು ಬಿದ್ದದ್ದು ಈ ಒಂದು ಪದದ ಅರ್ಥ ತಿಳಿಯದೆ.

ಇಷ್ಟಾದರೂ ದೊಡ್ಡ ಪದಗಳಿಗಿಂತ ಸಣ್ಣ ಪದಗಳೇ ಹೆಚ್ಚು ಮೋಸ ಮಾಡುತ್ತವೆ ಎಂಬುದು ನಮ್ಮ ಅನುಭವ. ತಲೆಬರಹದಲ್ಲಿ "ಮೈನಿಂಗ್ ಟು ರಿಸ್ಯೂಮ್" ಎಂದಿದ್ದರೆ ಗಣಿ ಶುರುವಾಯಿತು ಎಂದಲ್ಲ, ಶುರುವಾಗಲಿದೆ ಎಂದು. ಕ್ರಿಯಾಪದದ ಮುಂದಿನ ಆ "ಟು" ಭವಿಷ್ಯಕಾಲ. "ಲೈಕ್ಲಿ" ಬಂದರೆ ಆಗುವ ಸಂಭವವಿದೆ, "ಮೇ" ಬಂದರೆ ಆಗಬಹುದು, "ಐಯಿಂಗ್" ಬಂದರೆ ಅದರ ಮೇಲೆ ಕಣ್ಣಿಟ್ಟಿದ್ದಾರೆ ಅಷ್ಟೆ. ನಮ್ಮ ಸದಸ್ಯರೊಬ್ಬರು ಇಂಥದೊಂದು ತಲೆಬರಹವನ್ನು ಚಹಾ ಅಂಗಡಿಯಲ್ಲಿ ಓದಿಸಿ ಕೇಳಿ, ಇನ್ಶೂರೆನ್ಸ್ ಕಟ್ಟಿ, ಆರು ಹೊಸ ಟಯರ್ ಹಾಕಿಸಿದರು. ಟಿಪ್ಪರ್ ಆ ಮಳೆಗಾಲವೆಲ್ಲ ಮನೆಯ ಮುಂದೆ ನಿಂತಿತು. ಓದಿ ಹೇಳಿದವರು "ಟು" ಬಿಟ್ಟಿದ್ದರು.

ಡಿಸೆಂಬರ್ 2022ರ ಹರಾಜಿನಲ್ಲಿ ಡಿಚೋಲಿ ಬ್ಲಾಕಿಗೆ ವೇದಾಂತ ಕಂಪನಿ "ಪ್ರಿಫರ್ಡ್ ಬಿಡ್ಡರ್" ಎಂದಾಯಿತು. ಇದರರ್ಥ ಹೆಚ್ಚು ಕೂಗಿದವರನ್ನು ಆಯ್ದರು ಎಂದು, ಮರುದಿನವೇ ಅದಿರು ಎತ್ತುತ್ತಾರೆ ಎಂದಲ್ಲ. ನಡುವೆ "ಕ್ಲಿಯರೆನ್ಸ್" ಎಂಬ ಪದ ಕಾಯುತ್ತಿರುತ್ತದೆ, ಅಂದರೆ ಪರಿಸರ ಇಲಾಖೆ ಮೊದಲಾದವುಗಳ ಒಪ್ಪಿಗೆ. ಗಣಿ ಮತ್ತೆ ನಡೆದದ್ದು 2024ರಲ್ಲಿ. ಬಟ್ಟೆ ಅಂಗಡಿಯ "ಕ್ಲಿಯರೆನ್ಸ್ ಸೇಲ್" ಬೇರೆ, ಅದು ದಾಸ್ತಾನು ಖಾಲಿ ಮಾಡುವ ವ್ಯಾಪಾರ.

ಹೀಗೆ ಎರಡು ಮುಖದ ಪದಗಳು ಬ್ಯಾಂಕಿನ ಕಾಗದದಲ್ಲಿ ಬಹಳ. ಮಗಳ ಪ್ರಗತಿಪತ್ರದಲ್ಲಿ "ಔಟ್‌ಸ್ಟ್ಯಾಂಡಿಂಗ್" ಎಂದರೆ ಅತ್ಯುತ್ತಮ, ಅಪ್ಪನ ಸಾಲದ ಕಾಗದದಲ್ಲಿ ಅದೇ ಪದಕ್ಕೆ ತೀರಿಸದೆ ಉಳಿದ ಬಾಕಿ. ಒಬ್ಬರು ಇದನ್ನು ನೋಡಿ ಬ್ಯಾಂಕಿನವರು ಹೊಗಳಿದ್ದಾರೆಂದು ಖುಷಿಯಿಂದ ನಮಗೆ ತೋರಿಸಲು ಬಂದಿದ್ದರು. ನಿಜ ಹೇಳಲು ನಮಗೇ ಸಂಕೋಚವಾಯಿತು. "ಪ್ರಿನ್ಸಿಪಲ್" ಕಾಲೇಜಿನಲ್ಲಿ ಪ್ರಾಂಶುಪಾಲರು, ಸಾಲದಲ್ಲಿ ಅಸಲು. "ಇಂಟರೆಸ್ಟ್" ಆಸಕ್ತಿಯೂ ಹೌದು, ಬಡ್ಡಿಯೂ ಹೌದು. "ಸೆಕ್ಯುರಿಟಿ" ಗೇಟಿನ ಕಾವಲುಗಾರನೂ ಹೌದು, ಒತ್ತೆಯೂ ಹೌದು.

ಕೋವಿಡ್ ಕಾಲದ "ಮೊರಟೋರಿಯಂ" ಪದಕ್ಕೆ ತುಸು ಹೆಚ್ಚು ಜಾಗ ಕೊಡಲೇಬೇಕು. ಮಾರ್ಚ್ 27, 2020ರಂದು ರಿಸರ್ವ್ ಬ್ಯಾಂಕ್ ಮೂರು ತಿಂಗಳ ಕಂತುಗಳಿಗೆ ಮೊರಟೋರಿಯಂ ಕೊಡಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು, ಬಳಿಕ ಅದನ್ನು ಆಗಸ್ಟ್ 31ರವರೆಗೆ ಬೆಳೆಸಿತು. ಅನೇಕರು ಇದನ್ನು "ವೇವರ್" ಎಂದುಕೊಂಡರು. ವೇವರ್ ಎಂದರೆ ಮನ್ನಾ. ಮೊರಟೋರಿಯಂ ಎಂದರೆ ಕಟ್ಟುವುದನ್ನು ಮುಂದೂಡುವುದು, ಬಡ್ಡಿ ಓಡುತ್ತಲೇ ಇರುತ್ತದೆ. ಐದು ಲಕ್ಷ ಅಸಲಿಗೆ ಶೇ. 9ರಂತೆ ತಿಂಗಳಿಗೆ 3,750 ರೂಪಾಯಿ ಬಡ್ಡಿ, ಆರು ತಿಂಗಳಿಗೆ 22,500. ಬಡ್ಡಿಯ ಮೇಲಿನ ಬಡ್ಡಿ ವಸೂಲಿ ಮಾಡಬಾರದೆಂದು ಮಾರ್ಚ್ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಮೂಲ ಬಡ್ಡಿಯನ್ನು ಮಾತ್ರ ಬಿಡಲಿಲ್ಲ. ಕಾಗದದಲ್ಲಿ "ಡಿಫರ್" ಇದೆಯೋ "ವೇವ್" ಇದೆಯೋ ನೋಡಿ. ಮೊದಲನೆಯದು ನಾಳೆ ಕೊಡು ಎನ್ನುತ್ತದೆ, ಎರಡನೆಯದು ಕೊಡುವುದೇ ಬೇಡ ಎನ್ನುತ್ತದೆ.

ಫೆಬ್ರವರಿ 2025ರಲ್ಲಿ ರೆಪೊ ದರ "25 ಬೇಸಿಸ್ ಪಾಯಿಂಟ್" ಇಳಿಯಿತು ಎಂಬ ಸುದ್ದಿ ಬಂತು. ಬಡ್ಡಿ ಶೇ. 25ರಷ್ಟು ಕಡಿಮೆಯಾಯಿತೆಂದು ಸಂತೋಷಪಟ್ಟವರೂ ಉಂಟು. ನೂರು ಬೇಸಿಸ್ ಪಾಯಿಂಟಿಗೆ ಶೇಕಡಾ ಒಂದು. ಹಾಗಾಗಿ ಇಳಿದದ್ದು ಶೇಕಡಾ ಕಾಲು, 6.50ರಿಂದ 6.25ಕ್ಕೆ. ಅದೂ ನಿಮ್ಮ ಸಾಲ "ಫ್ಲೋಟಿಂಗ್" ದರದ್ದಾಗಿದ್ದರೆ ಮಾತ್ರ ಇಂದಲ್ಲ ನಾಳೆ ನಿಮ್ಮ ಮನೆಗೆ ಬರುತ್ತದೆ. "ಫಿಕ್ಸೆಡ್" ಎಂದಿದ್ದರೆ ಈ ಸುದ್ದಿ ಓದಿ ಮಡಚಿಡಬಹುದು.

"ಇನ್‌ಫ್ಲೇಷನ್ ಈಸಸ್" ಎಂಬುದೂ ಹೀಗೆಯೇ. ಹಣದುಬ್ಬರ ತಗ್ಗಿತು ಎಂದರೆ ಬೆಲೆ ಇಳಿಯಿತು ಎಂದಲ್ಲ, ಏರುವ ವೇಗ ತಗ್ಗಿತು ಎಂದು. ನೂರು ರೂಪಾಯಿಯ ಸಾಮಾನು ಒಂದು ವರ್ಷ ಶೇ. 6 ಏರಿದರೆ 106, ಮರುವರ್ಷ ಶೇ. 4 ಏರಿದರೆ 110 ಚಿಲ್ಲರೆ. ಪೇಪರು ತಗ್ಗಿತು ಎನ್ನುತ್ತದೆ, ಕಿರಾಣಿ ಅಂಗಡಿಯವ ನಾಲ್ಕು ರೂಪಾಯಿ ಹೆಚ್ಚು ಕೇಳುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ನುಡಿಗಟ್ಟುಗಳ ಬಗ್ಗೆ ಚಿಂತೆ ಬೇಡ, ನಮ್ಮಲ್ಲೇ ಅವಕ್ಕೆ ಜೋಡಿ ಇವೆ. ಆದಾಯದ ಮಿತಿಯಲ್ಲಿ ಬಾಳುವುದಕ್ಕೆ ಅವರು "ಲಿವ್ ವಿತಿನ್ ಮೀನ್ಸ್" ಎಂದರೆ, ನಾವು ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. "ಇನ್ ದ ರೆಡ್" ಎಂದರೆ ನಷ್ಟದಲ್ಲಿದೆ. ಹಳೆಯ ಲೆಕ್ಕದ ಪುಸ್ತಕಗಳಲ್ಲಿ ನಷ್ಟವನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದುದನ್ನು ನಾವೇ ಕಂಡಿದ್ದೇವೆ.

ಕಲಿಯುವ ರೀತಿ ಇಷ್ಟೆ. ವಾರಕ್ಕೆ ಒಂದೇ ಸುದ್ದಿ ಆರಿಸಿ. ನವಹಿಂದ್ ಟೈಮ್ಸ್ ಆಗಲಿ ಹೆರಾಲ್ಡ್ ಆಗಲಿ, ಅದೇ ಸುದ್ದಿ ಕನ್ನಡ ಪೇಪರಿನಲ್ಲಿ ಬಂದದ್ದನ್ನು ಪಕ್ಕದಲ್ಲಿಟ್ಟು ಓದಿ. ಮೊದಲು ಕ್ರಿಯಾಪದಕ್ಕೆ ಗೆರೆ ಎಳೆಯಿರಿ, ಅದರ ಮುಂದಿನ ಸಣ್ಣ ಪದಕ್ಕೆ ಎರಡು ಗೆರೆ. ಯಾರು ಹೇಳಿದ್ದು, ಯಾವ ತಾರೀಖಿನಿಂದ ಎಂದು ಬದಿಯಲ್ಲಿ ಕನ್ನಡದಲ್ಲಿ ಬರೆಯಿರಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರಿಗೆ ಉಚ್ಚಾರ ಗೊತ್ತು, ನಿಮಗೆ ಕಂತಿನ ಲೆಕ್ಕ ಗೊತ್ತು. ಅರ್ಥವಾಗದ ತುಂಡನ್ನು ಭಾನುವಾರ ಸಂಘಕ್ಕೆ ತನ್ನಿ. ಸಹಿ ಹಾಕಬೇಕಾದ ಕಾಗದವಾಗಿದ್ದರೆ ಸಹಿಗೆ ಮೊದಲು ತನ್ನಿ.

– ಕಾರ್ಯದರ್ಶಿ, ಡಿಚೋಲಿ