ಅರ್ಜಿಯ ಪಟ್ಟಿಯಲ್ಲಿ ನಿಮ್ಮ ಊರು ಕಾಣದಿದ್ದರೆ ದಾಖಲೆಯಿಂದಲೇ ತೆಗೆದಿದ್ದಾರೆ ಎಂದರ್ಥವೇ?

ಆನ್‌ಲೈನ್ ಅರ್ಜಿಯಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದ ಮೇಲೆ ಗ್ರಾಮದ ಪಟ್ಟಿಯಲ್ಲಿ ಊರಿನ ಹೆಸರೇ ಇಲ್ಲದಿದ್ದರೆ ಗಾಬರಿಯಾಗುವುದು ಸಹಜ. ಆದರೆ ಸ್ಕ್ರೀನ್‌ಶಾಟ್ ತೆಗೆದು "ನಮ್ಮೂರನ್ನು ಸರ್ಕಾರಿ ದಾಖಲೆಯಿಂದ ಅಳಿಸಿದ್ದಾರೆ, ಎಲ್ಲರಿಗೂ ಶೇರ್ ಮಾಡಿ" ಎಂದು ಗ್ರೂಪಿಗೆ ಹಾಕುವ ಮುನ್ನ ಆ ಪಟ್ಟಿ ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಳ್ಳೋಣ.

ಪಟ್ಟಿ ಬರುವುದು ಎಲ್ಲಿಂದ?

ಕರ್ನಾಟಕದ 31 ಜಿಲ್ಲೆಗಳಲ್ಲಿ ಸಾವಿರಾರು ಹಳ್ಳಿಗಳಿವೆ. ಅಷ್ಟೂ ಹೆಸರುಗಳನ್ನು ಒಂದೇ ಪುಟದಲ್ಲಿ ತುಂಬಿದರೆ ಪುಟ ತೆರೆಯುವುದೇ ನಿಧಾನವಾಗುತ್ತದೆ. ಹಾಗಾಗಿ ಅವುಗಳನ್ನು ಡೇಟಾಬೇಸ್‌ನಲ್ಲಿ ಇಡುತ್ತಾರೆ. ನೀವು ಜಿಲ್ಲೆ ಆರಿಸಿದಾಗ ಅದರ ಕೋಡ್ ಸಂಖ್ಯೆ ಸರ್ವರ್‌ಗೆ ಹೋಗುತ್ತದೆ. ಆ ಕೋಡ್‌ಗೆ ಸೇರಿದ ತಾಲ್ಲೂಕುಗಳನ್ನಷ್ಟೇ ಸರ್ವರ್ ಡೇಟಾಬೇಸ್‌ನಿಂದ ಹೆಕ್ಕಿ ನಿಮ್ಮ ಮೊಬೈಲ್‌ಗೆ ಕಳಿಸುತ್ತದೆ. ಹೋಬಳಿ, ಗ್ರಾಮಗಳೂ ಹೀಗೆಯೇ ಬರುತ್ತವೆ.

ನಮಗೆ ಕಾಣುವುದು ಹೆಸರು. ಸಾಮಾನ್ಯವಾಗಿ ಅರ್ಜಿಯ ಜೊತೆ ಹೋಗುವುದು ಅದರ ಹಿಂದಿರುವ ಕೋಡ್. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾದಂತೆ ಹೆಸರು ಬದಲಾದಾಗಲೂ ಕೋಡ್ ಬದಲಿಸಬೇಕಾಗಿಲ್ಲ.

ಊರು ಕಾಣದಿರಲು ಕಾರಣಗಳೇನು?

• ನೆಟ್‌ವರ್ಕ್ ನಡುವೆ ಕೈಕೊಟ್ಟರೆ ಪಟ್ಟಿ ಖಾಲಿ ಉಳಿಯುತ್ತದೆ.
• ಬ್ರೌಸರ್ ಹಿಂದೆ ಉಳಿಸಿಕೊಂಡ ಹಳೆಯ ಪಟ್ಟಿಯನ್ನೇ ತೋರಿಸುತ್ತಿರಬಹುದು.
• ಹೋಬಳಿ ತಪ್ಪಾಗಿ ಆರಿಸಿದರೆ ಊರು ಬರುವುದಿಲ್ಲ. ನಿಮ್ಮ ಪಹಣಿಯಲ್ಲಿ ಹೋಬಳಿಯ ಹೆಸರಿದೆ, ನೋಡಿಕೊಳ್ಳಿ.
• ಹೆಸರು ಬೇರೆ ಸ್ಪೆಲ್ಲಿಂಗ್‌ನಲ್ಲಿ, ಪಟ್ಟಿಯ ಬೇರೆ ಜಾಗದಲ್ಲಿ ಇರಬಹುದು.
• ಆ ವೆಬ್‌ಸೈಟ್‌ನ ಡೇಟಾಬೇಸ್ ಹಳೆಯದಾಗಿರಬಹುದು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಅದನ್ನು ತಿದ್ದಿಕೊಳ್ಳದ ಪಟ್ಟಿಯಲ್ಲಿ ಹೊಸಪೇಟೆಯನ್ನು ಬಳ್ಳಾರಿಯ ಕೆಳಗೇ ಹುಡುಕಬೇಕಾಗುತ್ತದೆ.

ಒಂದು ವೆಬ್‌ಸೈಟ್‌ನ ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಭೂಮಿ ತಂತ್ರಾಂಶದಲ್ಲಿರುವ ನಿಮ್ಮ ಪಹಣಿ ಅಳಿಸಿಹೋಗುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಪುಟವನ್ನು ಮತ್ತೆ ಲೋಡ್ ಮಾಡಿ, ಇನ್ನೊಂದು ಬ್ರೌಸರ್‌ನಲ್ಲಿಯೂ ನೋಡಿ. ಆದರೂ ಬರದಿದ್ದರೆ "ಹೇಗೋ ಆಗಲಿ" ಎಂದು ಪಕ್ಕದ ಊರನ್ನು ಆರಿಸಬೇಡಿ. ಆಗ ದಾಖಲಾಗುವುದು ಪಕ್ಕದ ಊರಿನ ಕೋಡ್. ಮುಂದೆ ಪಹಣಿಯೊಂದಿಗೆ ತಾಳೆ ನೋಡುವಾಗ ಅರ್ಜಿ ತಿರಸ್ಕೃತವಾಗಬಹುದು. ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಕೊನೆಯ ದಿನಕ್ಕೆ ಮುಂಚೆಯೇ ಆ ಇಲಾಖೆಯ ಸಹಾಯವಾಣಿಗೆ ಅಥವಾ ಕಚೇರಿಗೆ ದೂರು ಕೊಡಿ. ಪಟ್ಟಿ ಸರಿಪಡಿಸಬಲ್ಲವರು ಅವರೇ, ವಾಟ್ಸಾಪ್ ಗ್ರೂಪ್ ಅಲ್ಲ.

ಇದೂ ನೆನಪಿರಲಿ

ಪಟ್ಟಿಯಲ್ಲಿ ನಿಮ್ಮೂರಿನ ಹೆಸರು ಕಂಡಿತು ಎಂದು ಲಿಂಕ್ ಅಸಲಿ ಎಂದು ನಂಬಬೇಡಿ. ಊರುಗಳ ಹೆಸರು ಎಲ್ಲರಿಗೂ ಸಿಗುವ ಮಾಹಿತಿ. ನಕಲಿ ಪುಟ ಮಾಡುವವರೂ ಅಂಥದ್ದೇ ಪಟ್ಟಿ ಹಾಕಬಲ್ಲರು. ಆಧಾರ್ ಸಂಖ್ಯೆ, ಒಟಿಪಿ ಕೊಡುವ ಮುನ್ನ ವೆಬ್ ವಿಳಾಸವನ್ನು ಪೂರ್ತಿ ಓದಿ.

ನಮ್ಮ ತೀರ್ಮಾನ: ಪಟ್ಟಿಯಲ್ಲಿ ಊರು ಕಾಣದಿರುವುದೊಂದೇ ದಾಖಲೆ ಅಳಿಸಿದ್ದಕ್ಕೆ ಸಾಕ್ಷಿಯಲ್ಲ. ಇಂಥ ಸಂದೇಶ ಬಂದರೆ ಮೊದಲು ಪಹಣಿ ನೋಡಿ, ಆಮೇಲೆ ಫಾರ್ವರ್ಡ್ ಮಾತು.