ಕಲ್ಲು ಇಲ್ಲಿಯದು, ಹೆಂಚು ದೂರದ್ದು

ಸೇಲಂ, ಧರ್ಮಪುರಿ ಸೀಮೆಯ ಹಳೇ ಮನೆಗಳಲ್ಲಿ ಕಲ್ಲುಚಪ್ಪಡಿಯೂ ಮಣ್ಣಿನ ಗೋಡೆಯೂ ಇಷ್ಟೊಂದು ಯಾಕೆ ಎಂದರೆ, ಬಡತನ ಅಥವಾ ಸಂಪ್ರದಾಯ ಎಂಬ ಸಿದ್ಧ ಉತ್ತರ ಸಿಗುತ್ತದೆ. ನನಗೆ ಅವೆರಡೂ ಸಾಲದು. ಸಾಮಾನಿನ ಬೆಲೆಯಷ್ಟೇ, ಅದನ್ನು ದಾರಿಯಲ್ಲಿ ಎಷ್ಟು ಸಲ ಇಳಿಸಿ ಏರಿಸಬೇಕು ಎಂಬ ಲೆಕ್ಕವೂ ಇಲ್ಲಿನ ಮನೆಗಳ ರೂಪವನ್ನು ತೀರ್ಮಾನಿಸಿದೆ. ಕಟ್ಟಡದ ರಿಪೇರಿಯ ಚಿಂತೆ ಈ ನೆಲದಲ್ಲಿ ಹಳೆಯದು. ಧರ್ಮಪುರಿ ಆಗ ತಗಡೂರು. ನೊಳಂಬ ದೊರೆ ಮಹೇಂದ್ರನ ಶಕ 815ರ, ಅಂದರೆ ಕ್ರಿ.ಶ. 893ರ ಕನ್ನಡ ಶಾಸನ ಅಲ್ಲಿದೆ. ನಿಧಿಯಣ್ಣ, ಚಂಡಿಯಣ್ಣ ಎಂಬ ವರ್ತಕ ಮನೆತನದ ಅಣ್ಣತಮ್ಮಂದಿರು ಬಸದಿ ಕಟ್ಟಿಸಿದರು. ನಿಧಿಯಣ್ಣ ಅರಸನಿಂದ ಮೂಲಪಳ್ಳಿ ಎಂಬ ಊರನ್ನು ಪಡೆದು, ಬಸದಿಯ ಜೀರ್ಣೋದ್ಧಾರ ಮುಂತಾದ ಕೆಲಸಗಳಿಗೆಂದು ಕನಕಸೇನ ಸಿದ್ಧಾಂತ ಭಟಾರರಿಗೆ ಬಿಟ್ಟುಕೊಟ್ಟ. ಕೈಯಲ್ಲಿ ಹಣವಿದ್ದವರೂ ಒಂದು ಗಂಟು ಕೊಟ್ಟು ಸುಮ್ಮನಾಗದೆ ಒಂದು ಊರಿನ ಆದಾಯವನ್ನೇ ಕಟ್ಟಿಟ್ಟರು. ರಿಪೇರಿ ಎಂಬುದು ಒಮ್ಮೆಯ ಖರೀದಿಯಲ್ಲ, ವರ್ಷವರ್ಷದ ದುಡಿಮೆ ಎಂದು ಅವರಿಗೆ ಗೊತ್ತಿತ್ತು.

ಆ ದುಡಿಮೆಗೆ ಬೇಕಾದ ಸಾಮಾನು ಕಾಲಡಿಯಲ್ಲೇ ಇತ್ತು. ಬಂಡೆಯ ಮೇಲೆ ಉಳಿಯಿಂದ ಸಾಲಾಗಿ ಗುಳಿ ತೋಡಿ, ಬೆಣೆ ಹೊಡೆದು ಸೀಳುತ್ತಿದ್ದರು. ಹಳೇ ಕಂಬ, ಚಪ್ಪಡಿಗಳ ಅಂಚನ್ನು ಹತ್ತಿರದಿಂದ ನೋಡಿದರೆ ಅರ್ಧರ್ಧ ಗುಳಿಗಳ ಆ ಸಾಲು ಇಂದಿಗೂ ಕಾಣುತ್ತದೆ. ಸುಣ್ಣಕಲ್ಲನ್ನು ಊರಿನ ಹತ್ತಿರವೇ ಸುಡುತ್ತಿದ್ದರು. ಕುಸಿದ ಗೋಡೆಯ ಮಣ್ಣನ್ನೇ ನೆನೆಸಿ, ತುಳಿದು, ಮತ್ತೆ ಗೋಡೆ ಎಬ್ಬಿಸಬಹುದಿತ್ತು; ಇಳಿಸಿದ ತೊಲೆ ಇನ್ನೊಂದು ಕೋಣೆಗೆ ಏರುತ್ತಿತ್ತು. ಯಾವ ಬಂಡಿಗೂ ಕಾಯಬೇಕಾಗಿರಲಿಲ್ಲ.

ರೈಲು ಬಂದ ಮೇಲೆ ಈ ಮಾತು ನಿಲ್ಲುವುದಿಲ್ಲ ಎಂದು ಯಾರಾದರೂ ವಾದಿಸಬಹುದು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಅದೇ ದಶಕದಲ್ಲಿ ಮದರಾಸಿನ ಬ್ರಾಡ್‌ಗೇಜ್ ರೈಲು ಸೇಲಂ ಮುಟ್ಟಿತು. ಆದರೆ ಆ ಮುಖ್ಯ ಮಾರ್ಗ ಧರ್ಮಪುರಿಯನ್ನು ಬಿಟ್ಟು ಮೊರಪ್ಪೂರಿನ ಮೇಲೆ ಹಾದುಹೋಯಿತು. 1906ರಲ್ಲಿ ಮೊರಪ್ಪೂರಿನಿಂದ ಧರ್ಮಪುರಿಗೆ, 1913ರಲ್ಲಿ ಅಲ್ಲಿಂದ ಹೊಸೂರಿಗೆ ಬಂದದ್ದು ಎರಡೂವರೆ ಅಡಿ ಅಗಲದ ಪುಟ್ಟ ಹಳಿ. ಕ್ಷಾಮ ಬಂದಾಗ ಧಾನ್ಯ ಸಾಗಿಸಲೆಂದು ಹಾಕಿದ ಹಳಿ ಅದು. ದೊಡ್ಡ ಗಾಡಿಯ ವ್ಯಾಗನ್ ಅದರ ಮೇಲೆ ಓಡುವಂತಿರಲಿಲ್ಲ. ಹಾಗಾಗಿ ಹೆಂಚಾಗಲಿ ಕಬ್ಬಿಣವಾಗಲಿ ಮೊರಪ್ಪೂರಿನಲ್ಲಿ ಒಮ್ಮೆ ಇಳಿದು ಏರಬೇಕು, ಸ್ಟೇಷನ್ನಿನಲ್ಲಿ ಮತ್ತೊಮ್ಮೆ ಇಳಿದು ಬಂಡಿ ಹತ್ತಬೇಕು. ಕಬ್ಬಿಣ ತಡೆದುಕೊಂಡೀತು, ಹೆಂಚು ಕೈ ಬದಲಾದಷ್ಟೂ ಒಡೆಯುತ್ತದೆ, ಕೂಲಿಯೂ ಬೆಳೆಯುತ್ತದೆ. 1941ರಲ್ಲಿ, ಯುದ್ಧಕಾಲದಲ್ಲಿ, ಆ ಪುಟ್ಟ ರೈಲೂ ನಿಂತು ಹಳಿಗಳನ್ನು ಕಿತ್ತರು. ಸೇಲಂ–ಬೆಂಗಳೂರು ಮೀಟರ್‌ಗೇಜ್ ಬರುವ ತನಕ, ಅಂದರೆ 1960ರ ದಶಕದ ಕೊನೆಯವರೆಗೆ, ಧರ್ಮಪುರಿ ಪೇಟೆಗೆ ರೈಲೇ ಇರಲಿಲ್ಲ.

ಬಡತನದ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹಣವಿದ್ದವರು ಮೊದಲು ಏನು ಮಾಡಿದರು ಎಂಬುದನ್ನೂ ನೋಡಬೇಕು. 1925ರಿಂದ 1934ರವರೆಗೆ ಮೆಟ್ಟೂರು ಅಣೆಕಟ್ಟು ಕಟ್ಟಿದ ಸರ್ಕಾರ, ಆ ಕೆಲಸದ ಕಾಲದಲ್ಲೇ ಸೇಲಂನಿಂದ ಅಲ್ಲಿಗೆ ರೈಲು ಹಾಸಿತು. ಸಾಮಾನು ಒಂದೇ ಓಟದಲ್ಲಿ ಕೆಲಸದ ಜಾಗ ಸೇರದಿದ್ದರೆ ಅಂಥ ಕಟ್ಟಡ ಏಳುವುದಿಲ್ಲ. ಒಂದು ಸಂಸಾರ ತನ್ನ ಮನೆಗಾಗಿ ಹಾಗೆ ಹಳಿ ಹಾಸಲಾರದು. ದಾರಿ ಮಾಡಿಕೊಡಬೇಕಾದದ್ದು ಸರ್ಕಾರವೇ. ಈಗ ಲಾರಿ ಎಲ್ಲೆಡೆ ಹೋಗುತ್ತದಲ್ಲ ಎನ್ನುವವರು ಪೆನ್ನಾಗರಂ ಬಳಿಯ ಕೋಟೂರು ಬೆಟ್ಟದ ಕಡೆ ನೋಡಲಿ. ಮೊನ್ನೆಮೊನ್ನೆಯ ಚುನಾವಣೆಗಳಲ್ಲೂ ಮತಯಂತ್ರಗಳು ಅಲ್ಲಿಗೆ ಏರಿದ್ದು ಕತ್ತೆಗಳ ಬೆನ್ನ ಮೇಲೆ. ಮತಯಂತ್ರಕ್ಕೇ ಹೀಗಾದರೆ ಸಿಮೆಂಟ್ ಮೂಟೆಯ ಪಾಡೇನು? ಮೊರಪ್ಪೂರು–ಧರ್ಮಪುರಿ ರೈಲಿಗೆ 2019ರಲ್ಲಿ ಮತ್ತೆ ಅಡಿಗಲ್ಲು ಹಾಕಿದ್ದಾರೆ. ಅದು ಬೇಗ ಮುಗಿಯಲಿ, ಬೆಟ್ಟದ ಊರುಗಳಿಗೂ ರಸ್ತೆ ಬರಲಿ. ಅಲ್ಲಿಯತನಕ ಹಳೇ ಮನೆ ಕೆಡವುವವರು ಚಪ್ಪಡಿ, ತೊಲೆಗಳನ್ನು ಜಲ್ಲಿಯ ಬೆಲೆಗೆ ಮಾರಿಬಿಡಬೇಡಿ.