ಕ್ರಾಸ್-ಸೈಟ್ ಸ್ಕ್ರಿಪ್ಟಿಂಗ್: ಪ್ಲಗಿನ್ ದೋಷ ಮತ್ತು ಜಾಲತಾಣ ಸುರಕ್ಷತೆ

ಜಾಲತಾಣವೊಂದರ ದೋಷವನ್ನು ಬಳಸಿಕೊಂಡು, ಅದನ್ನು ತೆರೆದವರ ಬ್ರೌಸರಿನಲ್ಲಿ ಪರಕೀಯರ ಸ್ಕ್ರಿಪ್ಟ್, ಅಂದರೆ ಆದೇಶಾವಳಿ, ಚಾಲನೆಗೊಳ್ಳುವಂತೆ ಮಾಡುವ ದಾಳಿಗೆ ಕ್ರಾಸ್-ಸೈಟ್ ಸ್ಕ್ರಿಪ್ಟಿಂಗ್ ಎಂದು ಹೆಸರು. ಎಕ್ಸ್‌ಎಸ್‌ಎಸ್ ಎಂಬುದು ಇದರ ಹ್ರಸ್ವರೂಪ. 2005ರ ಅಕ್ಟೋಬರಿನಲ್ಲಿ ‘ಸ್ಯಾಮಿ’ ಎಂಬ ಕುತಂತ್ರಾಂಶವು ಒಂದೇ ದಿನದೊಳಗೆ ಮೈಸ್ಪೇಸ್‌ನ ಹತ್ತು ಲಕ್ಷಕ್ಕೂ ಹೆಚ್ಚು ಸದಸ್ಯರ ಪುಟಗಳಿಗೆ ಹರಡಿದ್ದು ಇಂತಹ ದೋಷದಿಂದಲೇ.

ಹೊಸಪೇಟೆ ಸಮೀಪದ ಪಾಪಿನಾಯಕನಹಳ್ಳಿಯಲ್ಲಿ ಹಂಪಿ ಪ್ರವಾಸಿಗರಿಗಾಗಿ ವಸತಿಗೃಹವೊಂದಿದ್ದು, ಅದರ ವರ್ಡ್‌ಪ್ರೆಸ್ ತಾಣದಲ್ಲಿ ಕೊಠಡಿ ಕಾದಿರಿಸುವ ಪ್ಲಗಿನ್ ಇದೆ ಎಂದಿಟ್ಟುಕೊಂಡರೆ ದಾಳಿಯ ಬಗೆ ಸ್ಪಷ್ಟವಾಗುತ್ತದೆ. ಹೆಸರು ಬರೆಯಬೇಕಾದ ಜಾಗದಲ್ಲಿ ದುಷ್ಕರ್ಮಿಯು ಸ್ಕ್ರಿಪ್ಟ್ ತುಂಬುತ್ತಾನೆ. ಪ್ಲಗಿನ್ ಅದನ್ನು ಶೋಧಿಸದೆ ಉಳಿಸಿಕೊಳ್ಳುತ್ತದೆ. ಮಾಲೀಕರು ಲಾಗಿನ್ ಆಗಿ ಆ ಪಟ್ಟಿಯನ್ನು ತೆರೆದೊಡನೆ ಸ್ಕ್ರಿಪ್ಟ್ ಅವರದೇ ಅಧಿಕಾರದಿಂದ ಕೆಲಸ ಮಾಡುತ್ತದೆ: ಹೊಸ ನಿರ್ವಾಹಕ ಖಾತೆಯನ್ನು ಸೃಷ್ಟಿಸಬಹುದು, ಹಣ ಪಾವತಿಸಲು ಬಂದ ಅತಿಥಿಗಳನ್ನು ನಕಲಿ ಪುಟಕ್ಕೆ ಅಟ್ಟಬಹುದು. ವಿಳಾಸದ ಪಕ್ಕದ ಬೀಗದ ಚಿಹ್ನೆ ಇದನ್ನು ತಡೆಯಲಾರದು. ಬ್ರೌಸರಿನ ಕಣ್ಣಿಗೆ ಆ ಸ್ಕ್ರಿಪ್ಟ್ ತಾಣದ್ದೇ ಆಗಿರುತ್ತದೆ.

ಹೀಗೆ ತಾಣದಲ್ಲೇ ಉಳಿಯುವುದು ‘ಸಂಗ್ರಹಿತ’ ಬಗೆ. ವಂಚಕರು ಕಳುಹಿಸಿದ ಕೊಂಡಿಯನ್ನು ಒತ್ತಿದಾಗ ಮಾತ್ರ ನಡೆಯುವುದು ‘ಪ್ರತಿಫಲಿತ’ ಬಗೆ. 20 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿದ್ದ ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್ ಪ್ಲಗಿನ್‌ನಲ್ಲಿ 2023ರ ಮೇ ತಿಂಗಳಲ್ಲಿ ಬಯಲಾದದ್ದು ಎರಡನೆಯ ಬಗೆಯ ದೋಷ, 6.1.6ನೇ ಆವೃತ್ತಿ ಅದನ್ನು ಸರಿಪಡಿಸಿತು. ಪಾಪಪ್ ಬಿಲ್ಡರ್ ಪ್ಲಗಿನ್‌ನ ಸಂಗ್ರಹಿತ ದೋಷಕ್ಕೆ 4.2.3ನೇ ಆವೃತ್ತಿಯಲ್ಲಿ ಪರಿಹಾರವಿದ್ದರೂ, ಹಳೆಯ ಆವೃತ್ತಿಯಲ್ಲೇ ಉಳಿದಿದ್ದ 6,700ಕ್ಕೂ ಹೆಚ್ಚು ತಾಣಗಳು 2023ರ ಡಿಸೆಂಬರಿನಲ್ಲಿ ಆರಂಭವಾದ ದಾಳಿಗೆ ತುತ್ತಾದವು.

ಬಳಕೆದಾರರು ತುಂಬಿದ ಪಠ್ಯವನ್ನು ಶೋಧಿಸುವುದು, ಪುಟದಲ್ಲಿ ತೋರಿಸುವಾಗ ಅದು ಆದೇಶವಾಗದೆ ಬರಿಯ ಅಕ್ಷರವಾಗಿ ಉಳಿಯುವಂತೆ ಮಾಡುವುದು ಪ್ಲಗಿನ್ ರಚಿಸುವವರ ಹೊಣೆ. ಪ್ಲಗಿನ್‌ಗಳನ್ನು ಕಾಲಕಾಲಕ್ಕೆ ನವೀಕರಿಸುವುದು, ಬೇಡವಾದುದನ್ನು ನಿಷ್ಕ್ರಿಯಗೊಳಿಸಿ ಬಿಡದೆ ಅಳಿಸಿಹಾಕುವುದು, ಕೆಲಸ ಮುಗಿದೊಡನೆ ನಿರ್ವಾಹಕ ಖಾತೆಯಿಂದ ಹೊರಬರುವುದು ತಾಣದ ಒಡೆಯರ ಹೊಣೆ.

ಇಂತಹ ದಾಳಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸಂಸ್ಥೆಯ ತಾಣದಲ್ಲಿ ದುಷ್ಟ ಸ್ಕ್ರಿಪ್ಟ್ ಸೇರಿದ್ದು ಗಮನಕ್ಕೆ ಬಂದರೆ, 2022ರ ಏಪ್ರಿಲ್ ನಿರ್ದೇಶನದ ಪ್ರಕಾರ 6 ಗಂಟೆಗಳೊಳಗೆ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ವರದಿ ಸಲ್ಲಿಸಬೇಕು.